ಕಂಟ್ರೋಲರ್‌ನೊಳಗಿನ ರೇಷ್ಮೆ

ಚಳ್ಳಕೆರೆಯಲ್ಲಿ ಗೇಮ್ ಕಂಟ್ರೋಲರ್ ರಿಪೇರಿ ಮಾಡ್ತೀನಿ. ಯಾರೂ ಮುಟ್ಟದಿದ್ದರೂ ಗೇಮಿನ ಕಾರು ಪಕ್ಕಕ್ಕೆ ಎಳೆದರೆ ಅದು ಹೆಬ್ಬೆರಳಲ್ಲಿ ಆಡಿಸುವ ಸ್ಟಿಕ್ಕಿನೊಳಗಿನ ಧೂಳು, ಮತ್ತೇನಲ್ಲ.

ಮೊಳಕಾಲ್ಮೂರಿನ ಪದ್ಮಕ್ಕ ತಂದ ಕಂಟ್ರೋಲರ್ ಮಾತ್ರ ಕಾರನ್ನು ಎಡಕ್ಕೆ, ಬಲಕ್ಕೆ ಒಂದೇ ಲಯದಲ್ಲಿ ಓಡಾಡಿಸುತ್ತಿತ್ತು. ಬಿಚ್ಚಿದರೆ ಸ್ಟಿಕ್ಕಿನ ಬುಡಕ್ಕೆ ಕೆಂಪು ರೇಷ್ಮೆ ಎಳೆ ಸುತ್ತಿಕೊಂಡಿತ್ತು. ತೆಗೆದು, ಹೊಸ ಸ್ಟಿಕ್ ಹಾಕಿ ಮುಚ್ಚಿದೆ. ಮರುದಿನ ಮತ್ತದೇ ಓಡಾಟ, ಒಳಗೆ ಮತ್ತೆ ಕೆಂಪೆಳೆ.

ಪದ್ಮಕ್ಕನಿಗೆ ಫೋನ್ ಮಾಡಿ ಎಳೆಯ ವಿಷಯ ಹೇಳಿದೆ.

"ಮಗ್ಗದಿಂದ ಎದ್ದರೆ ನಮ್ಮನೆಯವರು ಆ ಕಾರಿನ ಆಟಾನೇ ಆಡ್ತಿದ್ರು," ಅಂದರು. "ಅವರು ತೀರಿಕೊಂಡಾಗ ಮಗ್ಗದಾಗೆ ಕೆಂಪು ಸೀರೆ ಇತ್ತು. ಒಡಲು ಸ್ವಲ್ಪ, ಜರಿ ಸೆರಗು ಪೂರ್ತಿ ಬಾಕಿ ಐತೆ. ಅವರ ಮಗ್ಗದಾಗೆ ಬೇರೆ ಯಾರೂ ಕೂರಲ್ಲ ಕಣಪ್ಪ."

ಇನ್ನೂ ಮೂರು ದಿನ ಕೆಂಪೆಳೆಯನ್ನೇ ತೆಗೆದೆ. ನಿನ್ನೆ ಮಧ್ಯಾಹ್ನ ಬಿಚ್ಚಿದಾಗ ಒಳಗಿದ್ದದ್ದು ಜರಿ.