ಮನೆಯ ಚಿತ್ರವಿದ್ದ ಗುಂಡಿ

ಫೆಬ್ರವರಿ 3, ಸೋಮವಾರ, ಬೆಳಿಗ್ಗೆ 11.42ಕ್ಕೆ ನೋರ್ಬೆಕ್ ಪಟ್ಟಣದ ಪೊಲೀಸ್ ಠಾಣೆಗೆ ಕರೆ ಬಂತು. ಕರೆ ಮಾಡಿದವಳು ಸಿಗ್ರಿಡ್ ಹಾಗನ್. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ಆಕೆ ಕೆಲಸದಲ್ಲಿದ್ದಾಗ, ಮನೆಯಲ್ಲಿ ಹಾಕಿಸಿದ್ದ ವಿಷಾನಿಲದ ಎಚ್ಚರಿಕೆ ಗಂಟೆ ಅವಳ ಫೋನಿಗೆ ಸುದ್ದಿ ಕಳಿಸಿತ್ತು. ಮನೆಯಲ್ಲಿ ಯಾರೂ ಇರಬಾರದ ಹೊತ್ತು. ಏಳು ವರ್ಷದ ಮಗಳು ಬ್ರಿಟಾ ಶಾಲೆಯಲ್ಲಿದ್ದಳು.

ಪತ್ತೆದಾರಿ ವಿಭಾಗದ ವರ್ನ್ ಲುಂಡೀನ್ ಹೋಗುವಷ್ಟರಲ್ಲಿ ಅಗ್ನಿಶಾಮಕ ದಳದವರು ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಒಲೆ, ಬಾಯ್ಲರು ಸರಿಯಾಗಿದ್ದವು. ವಿಷಾನಿಲ ಬಂದದ್ದು ಮನೆಗೆ ಅಂಟಿಕೊಂಡಿದ್ದ ಗ್ಯಾರೇಜಿನಿಂದ. ಬಾಗಿಲು ಮುಚ್ಚಿದ್ದ ಗ್ಯಾರೇಜಿನೊಳಗೆ ಯಾರೋ ಒಂದು ಗಾಡಿಯ ಇಂಜಿನನ್ನು ಓಡಲು ಬಿಟ್ಟಿದ್ದರು. ಈಗ ಅಲ್ಲಿ ಗಾಡಿ ಇರಲಿಲ್ಲ. ಚಕ್ರಗಳಿಂದ ಉದುರಿದ ಮಂಜಿನ ಹೆಂಟೆಗಳು ನಾಲ್ಕು ಕಡೆ ಕರಗುತ್ತಿದ್ದವು, ಅಷ್ಟೆ. ಬೀಗ ಮುರಿದಿರಲಿಲ್ಲ, ಏನೂ ಕಳುವಾಗಿರಲಿಲ್ಲ.

ಕಳುವಾಗದಿದ್ದದ್ದೇ ಲುಂಡೀನ್‌ಗೆ ಹೆಚ್ಚು ಚಿಂತೆಯಾಯಿತು. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬ್ರಿಟಾ ಮಲಗುತ್ತಿದ್ದಳು.

ಪೇದೆ ಯೆಂಗ್ ಥಾವ್ ನೆಲದ ಮೇಲೆ ಮಂಡಿಯೂರಿ ಟೇಪು ಹಿಡಿದಳು. ಇಲಾಖೆ ಸೇರಿ ಮೂರು ವರ್ಷವಾಗಿತ್ತಷ್ಟೆ, ಆದರೆ ಅಳತೆಯಲ್ಲಿ ಅವಳು ತಪ್ಪುತ್ತಿರಲಿಲ್ಲ. ಮುಂದಿನ ಹೆಂಟೆಯಿಂದ ಹಿಂದಿನ ಹೆಂಟೆಗೆ ಹತ್ತು ಅಡಿಗೆ ಒಂದು ಅಂಗುಲ ಕಮ್ಮಿ. ಸಿಗ್ರಿಡಳ ಪುಟ್ಟ ಕಾರಿಗೆ ಇದು ಹೆಚ್ಚಾಯಿತು. ಲುಂಡೀನ್ ಸ್ಥಳ ಮಹಜರಿನಲ್ಲಿ ಅದನ್ನು ಬರೆದುಕೊಂಡ, ಆಮೇಲೆ ತಾನೇ ಇನ್ನೊಮ್ಮೆ ಅಳೆದ.

"ನನ್ ಮೇಲೆ ನಂಬಿಕೆ ಇಲ್ವಾ ಸರ್?" ಎಂದಳು ಥಾವ್.

"ನನ್ ಮೇಲೆ ಇಲ್ಲ," ಎಂದ ಲುಂಡೀನ್.

ಸಿಗ್ರಿಡ್ ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತಿದ್ದಳು. ಅವಳಿಗೆ ಅನುಮಾನವೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಮನೆ ಬಿಟ್ಟ ಗಂಡ ಡೇಲ್ ಸೋಮವಾರ ರಜೆಯಲ್ಲಿರುತ್ತಾನೆ. ಆ ಗ್ಯಾರೇಜಿನ ಮೂಲೆಮೂಲೆ ಅವನಿಗೆ ಗೊತ್ತು. ಮಗಳು ವಾರಕ್ಕೊಮ್ಮೆ ಅಪ್ಪನ ಬಳಿ ಇರಬಹುದೇ ಎಂದು ನ್ಯಾಯಾಧೀಶರು ತೀರ್ಮಾನಿಸುವುದು ಬರುವ ಶುಕ್ರವಾರ. ಅವನು ಹೋದ ಮೇಲೆ ಮುಂಬಾಗಿಲು, ಹಿಂಬಾಗಿಲು ಎರಡಕ್ಕೂ ಹೊಸ ಬೀಗ ಹಾಕಿಸಿದ್ದಳು. ಗ್ಯಾರೇಜಿನಿಂದ ಅಡುಗೆಮನೆಗೆ ಬರುವ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

"ನಮ್ಮನ್ನ ಸಾಯಿಸೋಕೆ ಹೊರಟಿದ್ದಾನೆ," ಎಂದಳು. "ಬರ್ಕೊಳ್ಳಿ ಅದನ್ನ."

ಲುಂಡೀನ್ ಬರೆದುಕೊಂಡ. ದೂರು ದಾಖಲಾದ ಸುದ್ದಿ ನ್ಯಾಯಾಲಯಕ್ಕೆ ಮುಟ್ಟಿ, ಗುರುವಾರ ಸಂಜೆ ಐದರೊಳಗೆ ವರದಿ ಬೇಕೆಂದು ಅಲ್ಲಿಂದ ಫೋನು ಬಂತು. ವರದಿಯಲ್ಲಿ ಡೇಲ್‌ನ ಹೆಸರಿನ ಮುಂದೆ 'ಶಂಕಿತ' ಎಂಬ ಒಂದು ಪದ ಉಳಿದರೆ ಅವನು ಮಗಳನ್ನು ಕಳೆದುಕೊಳ್ಳುತ್ತಾನೆ. ಅವನೇ ಮಾಡಿದ್ದು, ತಾನು ಆ ಪದ ತೆಗೆದೆ ಎಂದಾದರೆ ಮುಂದಿನ ಕರೆಗೆ ಹೋದಾಗ ಆ ಮೇಲಿನ ಕೋಣೆಯಲ್ಲಿ ಏನು ಕಾಣಬೇಕಾಗುತ್ತದೋ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಲುಂಡೀನ್‌ಗೆ ವರದಿ ಬರೆಯುವುದು ಎಂದೂ ಸಲೀಸಾಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ 9.15ಕ್ಕೆ ಡೇಲ್ ಹಾಗನ್ ಸಿಕ್ಕಿದ. ಜಿಲ್ಲೆಯ ರಸ್ತೆಗಳಲ್ಲಿ ಮಂಜು ಗೋರುವ ಲಾರಿಯ ಚಾಲಕ ಅವನು. ಅವತ್ತು ಪಾಳಿ ಮಧ್ಯಾಹ್ನಕ್ಕಿತ್ತು, ಹೆಪ್ಪುಗಟ್ಟಿದ ಕೆರೆಯ ಮೇಲೆ ತನ್ನ ಹಲಗೆ ಗುಡಿಸಲಿನಲ್ಲಿ, ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಗಾಳ ಬಿಟ್ಟು ಕೂತಿದ್ದ. ಕೆರೆಯ ಮೇಲೆ ನಡೆಯುವಾಗ ಥಾವ್ ಹಿಂದಿನಿಂದ ಎಚ್ಚರಿಸಿದಳು: "ನಿಧಾನ ಸರ್. ನೀವು ಬಿದ್ರೆ ಆ ವರದಿ ನಾನೇ ಬರೀಬೇಕು."

"ನಿನ್ನೆ ಹನ್ನೊಂದಕ್ಕೆ ಎಲ್ಲಿದ್ದೆ?" ಎಂದು ಲುಂಡೀನ್ ಡೇಲ್‌ನನ್ನು ಕೇಳಿದ.

"ಇಲ್ಲೇ."

"ಜೊತೆಗೆ?"

"ಯಾರೂ ಇಲ್ಲ."

"ಮೀನು ಸಿಕ್ತಾ?"

"ಸಿಕ್ಕಿದ್ರೆ ಅದನ್ನಾದ್ರೂ ಸಾಕ್ಷಿ ಅಂತ ಕರೀತಿದ್ದೆ."

ಅವನ ಟ್ರಕ್ಕಿನ ಚಕ್ರಗಳ ನಡುವೆ ಹನ್ನೆರಡು ಅಡಿ ಇತ್ತು. ಹೆಂಟೆಗಳ ಅಳತೆಗೆ ಹೊಂದಲಿಲ್ಲ. ಆದರೆ ಯಾರದಾದರೂ ಗಾಡಿ ಕೇಳಿ ತಂದಿರಬಹುದು. ಗ್ಯಾರೇಜಿನ ಬಾಗಿಲು ತೆರೆಯುವ ರಿಮೋಟನ್ನು ಸೆಪ್ಟೆಂಬರಿನಲ್ಲೇ ಹಿಂದಿರುಗಿಸಿದೆ ಎಂದ. ಇನ್ನೊಂದು ಇಟ್ಟುಕೊಂಡಿಲ್ಲವೆಂದು ಹೇಗೆ ಸಾಬೀತು ಮಾಡಲಿ ಎಂದು ಅವನೇ ಕೇಳಿದ. ಅವರು ಹೊರಡುವಾಗ ಗಾಳದ ದಾರದಿಂದ ಕಣ್ಣು ತೆಗೆಯದೆ ಅಂದ:

"ಬ್ರಿಟಾ ಇರೋ ಮನೆಗೆ ಹೊಗೆ ಬಿಡ್ತೀನಾ ನಾನು? ಅವಳಿಗೆ ಗೊರಕೆ ಬಂದ್ರೂ ಎದ್ದು ಕೂರ್ತಿದ್ದೋನು."

ಸುಳ್ಳು ಹೇಳುವವರೂ ಹೀಗೇ ಹೇಳುತ್ತಾರೆ ಎಂದು ಲುಂಡೀನ್‌ಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

11.30ಕ್ಕೆ ಸಿಗ್ರಿಡಳ ಎದುರು ಮನೆಯ ಆರ್ವಿಡ್ ಸ್ಟೆನ್‌ನನ್ನು ಎರಡನೆಯ ಸಲ ವಿಚಾರಿಸಿದರು. ಎಪ್ಪತ್ತು ದಾಟಿದ ಆತ ಸೋಮವಾರ ಬೆಳಿಗ್ಗೆಯೆಲ್ಲ ಅಂಗಳದ ಮಂಜು ತೆಗೆಯುತ್ತಿದ್ದ. ಯಾರೂ ಬಂದಿಲ್ಲ ಎಂದು ಸೋಮವಾರವೇ ಥಾವ್‌ಗೆ ಹೇಳಿದ್ದ. ಈಗಲೂ ಅದನ್ನೇ ಹೇಳಿದ. ಲುಂಡೀನ್ ಎದ್ದು ನಿಂತವನು, ಏನೋ ಬಿಟ್ಟುಹೋಗಿದೆ ಎಂಬ ತನ್ನ ಎಂದಿನ ಅಳುಕಿಗೆ ಮತ್ತೆ ಕೂತ.

"ಒಂದು ಗಾಡಿ ಕೂಡ ಇಲ್ವಾ?"

"ಇಲ್ಲ ಅಂದ್ನಲ್ಲಪ್ಪ. ಸಿಗ್ರಿಡಳ ವ್ಯಾನು ಬಿಟ್ರೆ ಇನ್ಯಾವ್ದೂ ಇಲ್ಲ."

"ಯಾವ ವ್ಯಾನು?"

"ಅವಳದೇ, ಬೂದು ಬಣ್ಣದ್ದು. ಆರು ವರ್ಷದಿಂದ ನೋಡ್ತಿದ್ದೀನಿ. ಹಿಂದಿನ ಬಾಗಿಲಿಗೆ ತರಚಿದ ಗೆರೆ ಇದೆ. ಅದು ಬರೋದು, ಬಾಗಿಲು ಮೇಲೇಳೋದು, ಒಳಗೆ ಹೋಗೋದು. ಅದನ್ನೇನು ಹೇಳೋದು?"

ಸಿಗ್ರಿಡ್ ಆ ವ್ಯಾನನ್ನು ಅಕ್ಟೋಬರಿನಲ್ಲೇ ಹಳೇ ಗಾಡಿ ಮಾರುವವನಿಗೆ ಕೊಟ್ಟು ಪುಟ್ಟ ಕಾರು ತಂದಿದ್ದಳು.

ಹನ್ನೆರಡೂವರೆಗೆ ಅವಳನ್ನು ಹಲ್ಲಿನ ದವಾಖಾನೆಯ ಹಿಂಬದಿಯ ಕೋಣೆಯಲ್ಲಿ ಕಂಡರು. ವ್ಯಾನಿನ ರಿಮೋಟು ಎಲ್ಲಿ ಎಂದು ಲುಂಡೀನ್ ಕೇಳಿದ. ಅದಕ್ಕೆ ಬೇರೆ ರಿಮೋಟೇ ಇರಲಿಲ್ಲ ಎಂದಳು. ತಲೆಯ ಮೇಲೆ, ಓದುವ ದೀಪದ ಪಕ್ಕದಲ್ಲಿ, ಗಾಡಿಯಲ್ಲೇ ಕೂಡಿಸಿದ್ದ ಮೂರು ಗುಂಡಿಗಳಿದ್ದವು. ಒಂದನ್ನೊತ್ತಿದರೆ ಗ್ಯಾರೇಜಿನ ಬಾಗಿಲು ತೆರೆಯುತ್ತಿತ್ತು. ಕೊಡುವ ದಿನ ಮೇಲಿನ ಕನ್ನಡಕದ ಗೂಡಿನಿಂದ ತಂಪು ಕನ್ನಡಕ ತೆಗೆದಿದ್ದಳು. ಸೀಟಿನ ಸಂದಿಯಿಂದ ಬ್ರಿಟಾಳ ಕ್ಲಿಪ್ಪುಗಳನ್ನು, ಡಬ್ಬಿಯಿಂದ ಕಾಗದಪತ್ರಗಳನ್ನು ತೆಗೆದಿದ್ದಳು. ಹಿಂದಿನ ಸೀಟಿನ ಮಕ್ಕಳು ಕಾಣಲೆಂದು ಇರುವ ಅಗಲ ಕನ್ನಡಿಯನ್ನೂ ಒರೆಸಿ ಕೊಟ್ಟಿದ್ದಳು.

"ಗುಂಡಿಗಳ ನೆನಪನ್ನ ಅಳಿಸಿದ್ರಾ?"

ಅವಳಿಗೆ ಅಳಿಸಬೇಕೆಂಬುದೇ ಹೊಳೆದಿರಲಿಲ್ಲ. ಎರಡು ಬಾಗಿಲ ಬೀಗ ಬದಲಾಯಿಸಿದವಳು ಮೂರನೆಯದರ ಬೀಗದಕೈಯನ್ನು ಗಾಡಿಯ ಜೊತೆಗೆ ಕೊಟ್ಟುಬಿಟ್ಟಿದ್ದಳು.

ಆ ಸಂಜೆ 5.15ಕ್ಕೆ ಲುಂಡೀನ್ ತನ್ನ ಹೆಂಡತಿಯ ವ್ಯಾನಿನಲ್ಲಿ ಕೂತು ಕೈಪಿಡಿ ಬಿಡಿಸಿದ. ಎರಡು ಅಂಚಿನ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಪುಟ್ಟ ದೀಪ ಮಿಣುಕುವವರೆಗೆ ಕಾಯಬೇಕು. ಅಲ್ಲಿಗೆ ಗಾಡಿ ಮರೆಯುತ್ತದೆ. ಗಾಡಿ ಕೈಯಲ್ಲಿಲ್ಲದಿದ್ದರೆ ಗ್ಯಾರೇಜಿನ ಚಾವಣಿಯ ಮೋಟಾರಿನಲ್ಲೂ ಒಂದು ಗುಂಡಿ ಇದೆ. ಅದನ್ನೊತ್ತಿದರೆ ಬಾಗಿಲು ಎಲ್ಲ ಗಾಡಿಗಳನ್ನೂ ಮರೆಯುತ್ತದೆ. ಇಪ್ಪತ್ತು ಸೆಕೆಂಡಿನ ಕೆಲಸ. ನಾಲ್ಕು ವರ್ಷದ ಹಿಂದೆ ತಮ್ಮ ಹಳೇ ವ್ಯಾನು ಮಾರಿದಾಗ ತಾನೂ ಅಳಿಸಿರಲಿಲ್ಲ ಎಂಬುದು ನೆನಪಾಗಿ ಲುಂಡೀನ್ ಇಳಿದು ಹೋಗಿ ಮೊದಲು ತನ್ನ ಗ್ಯಾರೇಜಿನ ಮೋಟಾರಿನ ಆ ಗುಂಡಿ ಒತ್ತಿದ. ಹೆಂಡತಿ ಹೊರಗೆ ಬಂದು, ಅಂಗಡಿಗೆ ಹೋಗಿ ಬರುವವಳಿಗೆ ಈಗ ಬಾಗಿಲು ಯಾರು ತೆಗೆಯುತ್ತಾರೆ ಎಂದು ಬೈದಳು.

ಸಿಗ್ರಿಡಳ ಮೋಟಾರಿನ ಗುಂಡಿಯನ್ನು ಒತ್ತಿಸಬೇಕಾಗಿತ್ತು. ಒತ್ತಿದರೆ ಅವಳ ಮನೆ ಭದ್ರ, ಆದರೆ ಬಂದವರು ಯಾರೆಂದು ಎಂದೂ ಗೊತ್ತಾಗದೆ ಡೇಲ್‌ನ ಹೆಸರು ಹಾಗೇ ಉಳಿಯುತ್ತದೆ. ಲುಂಡೀನ್ ಒತ್ತಿಸಲಿಲ್ಲ. ತಾಯಿಮಗಳನ್ನು ಸಿಗ್ರಿಡಳ ಅಕ್ಕನ ಮನೆಗೆ ಕಳಿಸಿ, ಬಾಗಿಲು ಹಾಗೇ ಇರಲಿ ಎಂದ. ತಪ್ಪಾದರೆ ತಪ್ಪು ತನ್ನದೇ ಎಂದು ದಿನಚರಿಯಲ್ಲಿ ಬರೆದು ಸಹಿ ಹಾಕಿದ.

ಬುಧವಾರ ಹಳೇ ಗಾಡಿ ಮಾರುವವನ ದಾಖಲೆಯಿಂದ ಹೆಸರು ಸಿಕ್ಕಿತು. ವ್ಯಾನನ್ನು ನವೆಂಬರಿನಲ್ಲಿ ಕೊಂಡವಳು ನೇಡೀನ್ ಕುಬಿಚೆಕ್, ವಯಸ್ಸು 58. ಹಾಗನ್ ಕುಟುಂಬಕ್ಕೂ ಅವಳಿಗೂ ಯಾವ ಸಂಬಂಧವೂ ಕಾಣಲಿಲ್ಲ. ಕೊಟ್ಟಿದ್ದ ವಿಳಾಸದ ಕಟ್ಟಡಕ್ಕೆ ನಗರಸಭೆ ಡಿಸೆಂಬರಿನಲ್ಲೇ ಮುದ್ರೆ ಹಾಕಿತ್ತು. ಬಾಯ್ಲರು ಒಡೆದು, ಕೊಳವೆಗಳು ಹೆಪ್ಪುಗಟ್ಟಿ, ಬಾಡಿಗೆದಾರರೆಲ್ಲ ಚದುರಿದ್ದರು. ಗಾಡಿಯ ನಂಬರು ಎಲ್ಲ ಗಸ್ತಿಗೂ ಹೋಯಿತು. ಆ ದಿನವೆಲ್ಲ ಲುಂಡೀನ್ ಮತ್ತು ಥಾವ್ ಸಿಗ್ರಿಡಳ ಅಡುಗೆಮನೆಯಲ್ಲಿ, ಗ್ಯಾರೇಜಿಗೆ ಹೋಗುವ ಒಳಬಾಗಿಲನ್ನು ಕೂದಲೆಳೆಯಷ್ಟು ತೆರೆದಿಟ್ಟು ಕಾದರು. ಯಾರೂ ಬರಲಿಲ್ಲ. ಸೋಮವಾರದ ಗಂಟೆಗೆ ಹೆದರಿದವರು ಮತ್ತೆ ಬರುವುದಿಲ್ಲ ಎಂದು ಥಾವ್ ನಾಲ್ಕು ಸಲ ಹೇಳಿದಳು. ಲುಂಡೀನ್ ಮನಸ್ಸಿನಲ್ಲೇ ಇನ್ನೂ ಹೆಚ್ಚು ಸಲ ಹೇಳಿಕೊಂಡಿದ್ದ.

ಗುರುವಾರ ಚಳಿ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿಳಿಯಿತು. ಶಾಲೆಗಳಿಗೆ ರಜೆ ಕೊಟ್ಟರು. 10.50ಕ್ಕೆ ಚಾವಣಿಯ ಮೋಟಾರು ಗುಂಯ್ ಎಂದಿತು.

ಬಾಗಿಲು ಮೇಲೆದ್ದು ಬೂದು ವ್ಯಾನು ಒಳಗೆ ಬಂತು, ಹಿಂದೆಯೇ ಬಾಗಿಲು ಇಳಿಯಿತು. ಥಾವ್ ಎದ್ದಳು. ಲುಂಡೀನ್ ಕೈ ಅಡ್ಡ ಹಿಡಿದ. ಇಂಜಿನ್ ನಿಲ್ಲುವುದಿಲ್ಲವಾದರೆ ಇದು ಕೊಲೆ ಯತ್ನ. ನಿಂತರೆ ಬೇರೆ ಏನೋ. ಇಂಜಿನಿನ ಸದ್ದು ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಸಂದಿಯಿಂದ ನೋಡಿದ. ಎರಡು ಕೋಟು ತೊಟ್ಟ ಹೆಂಗಸೊಬ್ಬಳು ಇಳಿದು, ಕೈಚೀಲ ತೆಗೆದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಿವಿಗೊಟ್ಟು ನಿಂತಳು. ಇಂಜಿನ್ ನಿಂತಿದೆಯೆಂದು ಖಾತ್ರಿಯಾದ ಮೇಲೆ ಹಿಂದಿನ ಬಾಗಿಲಿನಿಂದ ವೈರು ಎಳೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು. ವ್ಯಾನಿನೊಳಗೆ ಯಾವುದೋ ಯಂತ್ರ ಬುಸುಗುಡತೊಡಗಿತು.

"ಪೊಲೀಸ್. ಕೈ ಕಾಣೋ ಹಾಗಿರಲಿ," ಎಂದ ಲುಂಡೀನ್.

ಅವಳು ಎರಡೂ ಕೈ ಎತ್ತಿದಳು. "ವೈರ್ ಮಾತ್ರ ತೆಗೀಬೇಡಿ," ಎಂದಳು.

ಹಿಂದಿನ ಸೀಟಿನಲ್ಲಿ ಕಂಬಳಿಗಳ ನಡುವೆ ನೇಡೀನಳ ಗಂಡ ಎಮಿಲ್, ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ನಿದ್ದೆಯಲ್ಲಿದ್ದ. ತುಟಿ ನೀಲಿಗಟ್ಟಿತ್ತು. ಇದು ತನ್ನ ಗೆಳತಿಯ ಮನೆ ಎಂದು ಅವನಿಗೆ ಹೇಳಿದ್ದೇನೆ, ಅವನೆದುರು ಬೇಡಿ ಹಾಕಬೇಡಿ ಎಂದು ಪಿಸುಗುಟ್ಟಿದಳು. ಥಾವ್ ಅವಳನ್ನು ಒಳಗೆ ಕರೆದೊಯ್ದು, ಬಾಗಿಲು ಮುಚ್ಚಿ, 10.58ಕ್ಕೆ ಬಂಧಿಸಿದಳು. ಆಂಬುಲೆನ್ಸ್ ಬರುವವರೆಗೆ ವೈರನ್ನು ಯಾರೂ ಮುಟ್ಟಲಿಲ್ಲ.

ನೇಡೀನಳ ಹೇಳಿಕೆ ಮಧ್ಯಾಹ್ನ 1.10ಕ್ಕೆ ಶುರುವಾಯಿತು. ಎಮಿಲ್ ಮೂವತ್ತು ವರ್ಷ ಧಾನ್ಯದ ಉಗ್ರಾಣದಲ್ಲಿ ದುಡಿದು, ಆ ಧೂಳು ಕುಡಿದು ಎದೆ ಕೆಡಿಸಿಕೊಂಡವನು. ಕಟ್ಟಡ ಮುಚ್ಚಿದ ಮೇಲೆ ಇಬ್ಬರೂ ವ್ಯಾನಿನಲ್ಲೇ ಇದ್ದರು. ಆಮ್ಲಜನಕದ ಯಂತ್ರದ ಬ್ಯಾಟರಿ ತುಂಬಿಸಲು ವ್ಯಾನಿನ ಸಾಕೆಟ್ಟು ಸಾಲದೆ, ಗ್ರಂಥಾಲಯ, ಲಾಂಡ್ರಿ ಎಂದು ಅಲೆಯುತ್ತಿದ್ದರು. ಜನವರಿಯಲ್ಲಿ ಒಂದು ದಿನ ಅವನ ನಳಿಗೆ ಸರಿಪಡಿಸಲು ಮೇಲಿನ ದೀಪ ತಡಕಿದಾಗ ಬೆರಳಿಗೆ ಮೂರು ಗುಂಡಿ ಸಿಕ್ಕವು. ಒಂದರ ಮೇಲೆ ಪುಟ್ಟ ಮನೆಯ ಚಿತ್ರವಿತ್ತು. ದಾರಿ ತೋರಿಸುವ ಪರದೆಯಲ್ಲೂ ಗಾಡಿಯ ಹಳೇ ಒಡೆಯರು ಉಳಿಸಿದ್ದ ಮನೆಯ ವಿಳಾಸವಿತ್ತು.

"ಈ ವ್ಯಾನಿಗೆ ಮನೆ ಅಂತ ಒಂದಿತ್ತಲ್ಲ, ಅದೆಲ್ಲಿ ಅಂತ ನೋಡೋಣ ಅನ್ನಿಸ್ತು," ಎಂದಳು. "ಹೋದ್ವಿ. ಒತ್ತಿದೆ. ತೆರ್ಕೊಳ್ತು."

ಹಗಲು, ಮನೆಯವರಿಲ್ಲದ ಹೊತ್ತು ಎರಡು ಗಂಟೆ. ಒಟ್ಟು ಹದಿನಾಲ್ಕು ದಿನ. ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಸೋಮವಾರ ಇಂಜಿನ್ ನಿಂತಿದೆ ಎಂದುಕೊಂಡಿದ್ದಳು. ಕೀಲಿ ತಿರುಗಿಸುವ ಗಾಡಿ ಓಡಿಸಿದ ಕೈಗೆ, ಇಂಜಿನ್ ನಿಲ್ಲಿಸಲು ಒತ್ತುವ ಗುಂಡಿ ಮೋಸ ಮಾಡಿತ್ತು. ಗಂಟೆ ಬಡಿದಾಗಷ್ಟೇ ಎಮಿಲ್‌ನನ್ನು ತಾನೇ ಕೊಲ್ಲುತ್ತಿದ್ದೇನೆಂದು ತಿಳಿದದ್ದು.

"ಆಶ್ರಯ ಕೇಂದ್ರಕ್ಕೆ ಯಾಕೆ ಹೋಗ್ಲಿಲ್ಲ?"

"ಹೋಗಿದ್ವಿ ಸರ್. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ನಡುವೆ ಒಂಬತ್ತು ಮೈಲಿ. ಇವ್ರು ನಿದ್ದೇಲಿ ನಳಿಗೆ ಕಿತ್ತಾಕ್ತಾರೆ. ಅಲ್ಲಿ ಯಾರು ಎದ್ದು ಹಾಕ್ತಾರೆ?"

4.35ಕ್ಕೆ ವರದಿ ನ್ಯಾಯಾಲಯ ಸೇರಿತು. ಶುಕ್ರವಾರ ಬೆಳಿಗ್ಗೆ ಸಿಗ್ರಿಡ್ ಎದ್ದುನಿಂತು, ಡೇಲ್ ಮೇಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ನ್ಯಾಯಾಧೀಶರು ಶನಿವಾರಗಳನ್ನು ಅವನಿಗೆ ಕೊಟ್ಟರು. ಹೊರಗೆ ಬಂದ ಡೇಲ್ ಲುಂಡೀನ್‌ನ ಕೈ ಹಿಡಿದು ಬಿಟ್ಟ.

ಎಮಿಲ್‌ನ ಹೇಳಿಕೆಯೊಂದು ಬಾಕಿಯಿತ್ತು. ಗೊತ್ತಿದ್ದೇ ಬಂದಿದ್ದರೆ ಅವನೂ ಆರೋಪಿ. ಮಧ್ಯಾಹ್ನ 12.20ಕ್ಕೆ ಆಸ್ಪತ್ರೆಯಲ್ಲಿ, ನರ್ಸು ಐದೇ ನಿಮಿಷ ಎಂದು ಹೇಳಿ ಹೋದ ಮೇಲೆ, ಲುಂಡೀನ್ ತಾನು ಪೊಲೀಸಿನವನೆಂದು ತಿಳಿಸಿ, ಆ ಮನೆ ಯಾರದೆಂದು ನಿಮಗೆ ಗೊತ್ತಿತ್ತೇ ಎಂದು ಕೇಳಿದ.

ಎಮಿಲ್ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

"ಗೆಳತಿ ಮನೆ ಅಂತ ಹೇಳಿದ್ಲು ನೇಡೀನ್," ಎಂದ. "ಗೆಳತಿ ಮನೆ ಆಗಿದ್ರೆ ಒಳಗೆ ಕರೆದು ಒಂದು ಲೋಟ ಕಾಫಿ ಕೊಡ್ತಿರ್ಲಿಲ್ವಾ? ಮೊದಲ್ನೇ ದಿನವೇ ಗೊತ್ತಾಯ್ತು. ನಂಗೆ ಗೊತ್ತು ಅಂತ ಅವಳಿಗೆ ಗೊತ್ತಾದ್ರೆ, ಅವಳು ನಾಚ್ಕೊಂಡು ನಿಲ್ಲಿಸಿಬಿಡ್ತಿದ್ಲು. ನಂಗೆ ಉಸಿರು ಬೇಕಾಗಿತ್ತು, ಸರ್."

ಲುಂಡೀನ್‌ನ ಪೆನ್ನು ಕಾಗದದ ಮೇಲೆ ನಿಂತಿತ್ತು. ಈ ಕಾಗದವನ್ನು ಒಂದಲ್ಲ ಒಂದು ದಿನ ನೇಡೀನಳ ವಕೀಲ ಅವಳಿಗೆ ಓದಿ ಹೇಳುತ್ತಾನೆ. ಅವನು ಗಡಿಯಾರ ನೋಡಿ, ಸಮಯ 12.26 ಎಂದು ಬರೆದ. ಅದರ ಕೆಳಗೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮರುಯೋಚನೆ ಮಾಡದೆ, ಹೀಗೆ ಬರೆದ: 'ರೋಗಿಗೆ ಉಸಿರಾಟದ ತೊಂದರೆ. ಹೇಳಿಕೆ ಪಡೆಯಲಾಗಲಿಲ್ಲ.'