ಬದ್ಲಾಪುರದ ಬಾಗಿದ ಬೇಲಿ

ಅಣ್ಣು ಶೆಟ್ಟರ ಹೆಣ ಎರಡು ಮನೆಗಳ ನಡುವಿನ ಅಂಗಳದಲ್ಲಿ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ರಕ್ತ ಮೆತ್ತಿದ ಹಾರೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದ ಪಕ್ಕದ ಮನೆಯ ಸುಮಿತ್ರಾ ಮೊದಲು ನೋಡಿದರು. ಅವರ ಕೂಗಿಗೆ ಮುಂಬೈ ಹೊರವಲಯದ ಬದ್ಲಾಪುರದ ಆ ರೋ-ಹೌಸ್ ಸಾಲು ಪೂರ್ತಿ ಹೊರಗೆ ಬಂತು.

ಇನ್‌ಸ್ಪೆಕ್ಟರ್ ವಾರಿಜಾ ಪೂಜಾರಿ ಜೀಪಿನಿಂದ ಇಳಿಯುವಷ್ಟರಲ್ಲಿ ಜನ ಕೊಲೆಗಾರ ಯಾರೆಂದು ತೀರ್ಮಾನಿಸಿಯಾಗಿತ್ತು. ಸುಮಿತ್ರಾರ ಗಂಡ, ನಿವೃತ್ತ ಎಂಜಿನಿಯರ್ ಸೀತಾರಾಮ. ಎರಡು ಮನೆಗಳ ನಡುವೆ ತಂತಿ ಬೇಲಿ ಹಾಕುವ ಕೆಲಸ ನಡೆದಿತ್ತು. ಹಿಂದಿನ ಸಂಜೆ ಅದೇ ವಿಷಯಕ್ಕೆ ಅವರೂ ಶೆಟ್ಟರೂ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದರು.

ವಾರಿಜಾ ಹೆಣದ ಬಳಿ ಕುಕ್ಕರುಗಾಲಲ್ಲಿ ಕೂತಳು. ಮುಂಬೈಯ ಮಾಟುಂಗದಲ್ಲಿ ಬೆಳೆದ ಅವಳಿಗೆ ಈ ಮುಖ ಹೊಸದಲ್ಲ. ಬಾಲ್ಯದಲ್ಲಿ ಇವರ ಹೋಟೆಲಿನ ಗಲ್ಲಾದ ಮುಂದೆ ನಿಂತು ಬನ್ಸ್ ಕಟ್ಟಿಸಿಕೊಂಡು ಹೋಗುತ್ತಿದ್ದಳು. ವಯಸ್ಸಾದ ಮೇಲೆ ಗಿಡ ನೆಡಲು ಒಂದಿಷ್ಟು ಮಣ್ಣು ಬೇಕೆಂದು ಶೆಟ್ಟರು ಇಲ್ಲಿಗೆ ಬಂದಿದ್ದರು.

ಅವಳು ಅವರ ಕೈ ನೋಡಿದಳು. ಉಗುರುಗಳ ತುಂಬ ಹಸಿ ಕೆಂಪು ಮಣ್ಣು.

*

"ಆ ಸೀತಾರಾಮನೇ ಮೇಡಂ," ಎಂದ ಪ್ರಶಾಂತ. ಶೆಟ್ಟರ ತಂಗಿಯ ಮಗ. ಅವರೇ ಸಾಕಿ ಜೊತೆಗಿಟ್ಟುಕೊಂಡವನು. ಅತ್ತು ಕಣ್ಣು ಊದಿತ್ತು. "ಬೇಲಿಯ ದಾರ ಸರಿಸಿದ್ದಾನೆ, ನೀವೇ ನೋಡಿ. ನಮ್ಮ ಜಾಗ ನುಂಗ್ಲಿಕ್ಕೆ. ಮಾಮ ಕೇಳ್ಲಿಕ್ಕೆ ಹೋಗಿರ್ಬೇಕು."

"ನೀವು ಕಂಡದ್ದುಂಟಾ?"

"ಇಲ್ಲ, ಮಲಗಿದ್ದೆ. ಆದ್ರೆ ಮತ್ತೆ ಯಾರು?"

ವಾರಿಜಾ ನೋಡಿದಳು. ನೆಲದ ಮೇಲೆ ಗೇಟಿನಿಂದ ಹಿಂದಿನ ಗೋಡೆಯವರೆಗೆ ಸುಣ್ಣದ ಪುಡಿಯ ನೇರ ಗೆರೆ. ಅದರ ಉದ್ದಕ್ಕೂ ಕಂಬ ನೆಡಲು ತೋಡಿದ, ಒಣಗಿದ ಗುಂಡಿಗಳು. ಗೆರೆಯ ಮೇಲೆ ಗೂಟಗಳಿಗೆ ಕಟ್ಟಿದ ದಾರ. ನಡುವೆ ಒಂದು ಕಡೆ ಮಾತ್ರ ಹೆಚ್ಚಿನ ಗೂಟವೊಂದು ದಾರವನ್ನು ಶೆಟ್ಟರ ಅಂಗಳದೊಳಕ್ಕೆ ಎಳೆದಿತ್ತು. ಆ ಭಾಗದಲ್ಲಿ ಗುಂಡಿಯೇ ಇರಲಿಲ್ಲ.

ದಾರ ಹೀಗೆ ಬಾಗಿದರೆ ಲಾಭ ಸೀತಾರಾಮರಿಗೆ. ಪ್ರಶಾಂತ ಹೇಳಿದ್ದು ಸರಿಯಾಗಿಯೇ ಕಾಣುತ್ತಿತ್ತು.

*

ಸೀತಾರಾಮ ತಮ್ಮ ಜಗಲಿಯಲ್ಲಿ ಕೂತಿದ್ದರು. "ಜಗಳ ಆಡಿದ್ದು ನಿಜಮ್ಮ. ದಾರ ನೀವೇ ಎಳೆದಿದ್ದೀರಿ ಅಂದ್ರು ಶೆಟ್ರು. ನನಗ್ಯಾಕ್ರೀ ನಿಮ್ಮ ಮಣ್ಣು, ಬೇಲಿ ನೇರವಾಗಿ ಬರ್ಲಿ ಸಾಕು ಅಂದೆ. ಸರಿ, ಬೆಳಿಗ್ಗೆ ಸುಣ್ಣದ ಗೆರೆ ಮೇಲೆ ನಾನೇ ಗುಂಡಿ ತೋಡ್ತೇನೆ ಅಂತ ಹೇಳಿ ಒಳಗೆ ಹೋದ್ರು."

"ಅವರ ಮನೇಲಿ ಬೇರೆ ಯಾರಿದ್ದಾರೆ?"

ಉತ್ತರ ಸುಮಿತ್ರಾರಿಂದ ಬಂತು. "ಈಗ ಅವರಿಬ್ಬರೇ. ಮೊದಲು ಜ್ಯೋತ್ಸ್ನಾ ಇದ್ಲು, ಪ್ರಶಾಂತನ ಹೆಂಡ್ತಿ. ಶೆಟ್ರು ಊರಿಗೆ ಹೋಗಿದ್ದಾಗ ಯಾರ ಜೊತೆಗೋ ಹೊರಟುಹೋದಳಂತೆ. ಎರಡು ವರ್ಷ ಆಯ್ತು. ದಿನಾ ನನ್ನ ಅಡುಗೆಮನೇಲಿ ಕೂತು ಕಾಫಿ ಕುಡೀತಿದ್ಲು ನೋಡಮ್ಮ. ಒಂದು ಮಾತು ಹೇಳ್ಲಿಲ್ಲ. ಅಷ್ಟೇನಾ ನಾನು ಅವಳಿಗೆ?"

ಆಕೆಯ ಸಿಟ್ಟು ಇನ್ನೂ ಹಸಿಯಾಗಿತ್ತು.

ಅಷ್ಟರಲ್ಲಿ ಬೇಲಿಯ ಕೆಲಸ ಹಿಡಿದಿದ್ದ ಕಂತ್ರಾಟುದಾರ ಖಂಡಪ್ಪ ಬಂದ.

"ಗೆರಿ ಹಾಕಿದ್ದು ನಾವರೀ ಮೇಡಂ. ಆ ನಡುವಿನ ಗೂಟ ನಮ್ದಲ್ಲ."

"ಅಲ್ಲಿ ಗುಂಡಿ ಯಾಕೆ ತೋಡಿಲ್ಲ?"

"ನೀರಿನ ಪೈಪ್ ಐತಿ, ಮುಟ್ಟಬ್ಯಾಡ್ರಿ ಅಂದ್ರು. ಪ್ರಶಾಂತ್ ಸೇಠ್."

ಸೀತಾರಾಮ ತಲೆಯೆತ್ತಿದರು. "ಪೈಪ್ ಎಲ್ಲಾ ರಸ್ತೆ ಕಡೆಗಿದೆಯಲ್ಲ! ಇಲ್ಲಿ ಯಾವ ಪೈಪೂ ಇಲ್ಲ."

ವಾರಿಜಾ ಅಂಗಳಕ್ಕೆ ಇಳಿದಳು. ದಾರ ಬಾಗಿದ ಕಡೆ, ಸುಣ್ಣದ ಗೆರೆಯ ಮೇಲೆ ಬೂಟು ಒತ್ತಿದಳು. ಮಣ್ಣು ಕುಸಿಯಿತು. ಅಲ್ಲಿ ಮಾತ್ರ ಸುಣ್ಣ ಮಣ್ಣಿನೊಂದಿಗೆ ಕಲಸಿಹೋಗಿತ್ತು.

*

ಸಾಕ್ಷಿಗೆ ನಿಂತ ಪಂಚರ ಎದುರು ಅಗೆತ ಶುರುವಾಯಿತು.

"ಪೈಪ್ ಒಡೀತದೆ ಮೇಡಂ!" ಪ್ರಶಾಂತ ಓಡಿ ಬಂದ. ಕಾನ್‌ಸ್ಟೇಬಲ್ ಅವನ ತೋಳು ಹಿಡಿದ.

"ಜಾಗ ಕದಿಯುವವನು ಉದ್ದಕ್ಕೂ ಕದೀತಾನೆ, ಪ್ರಶಾಂತ," ಎಂದಳು ವಾರಿಜಾ. "ನಡುವೆ ಒಂದು ಕಡೆ ಮಾತ್ರ ದಾರ ಎಳೆದ್ರೆ ಜಾಗ ಯಾರಿಗೂ ಸಿಗೋದಿಲ್ಲ. ಒಂದು ಕಂಬ ಆಚೆ ಹೋಗ್ತದೆ, ಅಷ್ಟೇ. ಅಲ್ಲಿ ಮಣ್ಣು ಅಗೀಬಾರ್ದು ಅನ್ನುವವನಿಗೆ ಅಷ್ಟೇ ಸಾಕು."

ಅವನು ತೋಳು ಬಿಡಿಸಿಕೊಳ್ಳಲು ಕೊಸರಾಡಿದ.

"ನಿಮ್ಮ ಮಾಮ ನಸುಕಿನಲ್ಲೇ ಎದ್ದು ಹೇಳಿದ ಹಾಗೆ ತೋಡಿದ್ರು. ಅವರ ಉಗುರಲ್ಲಿ ಹಸಿ ಮಣ್ಣಿದೆ. ಉಳಿದ ಗುಂಡಿಗಳೆಲ್ಲ ಒಣಗಿವೆ. ಹಾಗಾದ್ರೆ ಅವರು ತೋಡಿದ ಗುಂಡಿ ಎಲ್ಲಿ? ಯಾರೋ ಮುಚ್ಚಿದ್ರು. ಜಗಳದ ಸಿಟ್ಟಿಗೆ ಕೊಂದವನು ಓಡಿಹೋಗ್ತಾನೆ. ಇವನು ಹೆಣದ ಪಕ್ಕ ನಿಂತು ಗುಂಡಿ ಮುಚ್ಚಿದ. ಅವನಿಗೆ ಹೆಣಕ್ಕಿಂತ ಗುಂಡಿಯ ಹೆದರಿಕೆ ಹೆಚ್ಚು."

ಗುದ್ದಲಿ ನಿಂತಿತು. ಮಣ್ಣಿನೊಳಗೆ ನೀಲಿ ಟಾರ್ಪಾಲಿನ ಅಂಚು. ಇನ್ನೊಬ್ಬ ಕಾನ್‌ಸ್ಟೇಬಲ್ ಅದನ್ನು ಮೆಲ್ಲನೆ ಬಿಡಿಸಿ, ತಕ್ಷಣ ಮುಖ ತಿರುಗಿಸಿದ. ಸುಮಿತ್ರಾ ಬಗ್ಗಿ ನೋಡಿದರು. ಉಳಿದಿದ್ದ ಸೀರೆಯ ಸೆರಗನ್ನು ಗುರುತಿಸಿದರು.

"ಜ್ಯೋತ್ಸ್ನಾ..."

ಪ್ರಶಾಂತ ನೆಲಕ್ಕೆ ಕುಸಿದ. "ತವರಿಗೆ ಹೋಗ್ತೇನೆ, ತಿರುಗಿ ಬರುದಿಲ್ಲ ಅಂದಳು. ತಳ್ಳಿದೆ. ಮೆಟ್ಟಿಲ ಮೇಲೆ ತಲೆ ಬಡೀತು. ಹೆದರಿ ಹೂಳಿದೆ. ಇವತ್ತು ಮಾಮನ ಕೈ ಹಿಡಿದು ಬೇಡಿಕೊಂಡೆ. ಇಲ್ಲಿ ಏನುಂಟು ಮಾರಾಯ ಅಂತ ಕೇಳಿದ್ರು. ಮತ್ತೆ ಬಗ್ಗಿ ತೋಡ್ಲಿಕ್ಕೆ ಶುರು ಮಾಡಿದ್ರು."

"ಸಾಕಿದವರನ್ನು ನೀನು ಹಿಂದಿನಿಂದ ಹೊಡೆದೆ," ಎಂದಳು ವಾರಿಜಾ. "ಆಮೇಲೆ ಪಕ್ಕದ ಮನೆಯವರ ಹೆಸರು ಹೇಳಿದೆ."

ಅವನನ್ನು ಜೀಪಿಗೆ ಹತ್ತಿಸಿದರು. ನಿಂತಿದ್ದವರೆಲ್ಲ ಸೀತಾರಾಮರ ಮುಖ ನೋಡಲಾಗದೆ ಒಬ್ಬೊಬ್ಬರೇ ಮನೆಯೊಳಗೆ ಹೋದರು.

*

"ಕಾರ್ಕಳದಲ್ಲಿ ಅವಳ ತಾಯಿ ಇದ್ದಾರೆ," ಎಂದರು ಸುಮಿತ್ರಾ. "ನಾನೇ ಹೇಳ್ತೀನಮ್ಮ. ಪೊಲೀಸರಿಂದ ಕೇಳೋದು ಬೇಡ."

ವಾರಿಜಾ ತಲೆಯಾಡಿಸಿದಳು. ಇಂಥ ಸುದ್ದಿಯನ್ನು ಅವಳು ಎಷ್ಟೋ ಮನೆಗಳಿಗೆ ಮುಟ್ಟಿಸಿದ್ದಳು. ಇವತ್ತು ಆ ಕೆಲಸ ತನ್ನದಲ್ಲವೆಂದು ಒಳಗೇ ಸಮಾಧಾನವಾಯಿತು. ಸಮಾಧಾನವಾದುದಕ್ಕೆ ನಾಚಿಕೆಯೂ ಆಯಿತು.

ಸುಮಿತ್ರಾ ನಂಬರು ಒತ್ತಿದರು. ಫೋನು ರಿಂಗಾದ ಕೂಡಲೇ ಆ ಕಡೆ ತಾಯಿಯೇ ಎತ್ತಿದರು. ಸುಮಿತ್ರಾ ಇನ್ನೂ ಬಾಯಿ ತೆರೆದಿರಲಿಲ್ಲ.

"ಬೊಂಬಾಯಿಂದ ಅಲ್ವಾ? ನಮ್ಮ ಜ್ಯೋತ್ಸ್ನಾ ಸಿಕ್ಕಿದಳಾ ಅಮ್ಮ?"

ಸುಮಿತ್ರಾ ಫೋನನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ವಾರಿಜಾ ಟೋಪಿ ತೆಗೆದು ಪಕ್ಕದಲ್ಲಿ ಕೂತಳು. ಅವರ ಕೈ ಹಿಡಿದುಕೊಂಡಳು. ಸುಮಿತ್ರಾ ಫೋನನ್ನು ಮತ್ತೆ ಕಿವಿಗಿಟ್ಟರು.

"ಸಿಕ್ಕಿದಳಮ್ಮ," ಎಂದರು. "ಅವಳು ಎಲ್ಲಿಗೂ ಹೋಗಿರ್ಲಿಲ್ಲ."