ಎಡಬದಿಯ ಪಾಯಿಂಟ್

"ಇದರಲ್ಲಿ ಪ್ಲಗ್ ಹಾಕೋದು ಎಲ್ಲಿ?"

ಕನ್ನಡಿಯಂತೆ ಹೊಳೆಯುತ್ತಿದ್ದ ಕರಿಕಲ್ಲಿನ ಅಡುಗೆಕಟ್ಟೆಯ ಮುಂದೆ ನಿಂತು ಆ ಯುವಕ ಕೇಳಿದ. ಶಿರಸಿಯ ಸುಮಂತಣ್ಣನ ಅಂಗಡಿ ಅದು. ಅಡುಗೆಮನೆ, ಆಫೀಸ್ ಕೋಣೆಗಳನ್ನು ಹೊಸದಾಗಿ ಮಾಡಿಸುವವರು ಬರುವ ಜಾಗ.

ಅಲ್ಲಿ ಅಳತೆ, ಡ್ರಾಯಿಂಗಿನ ಕೆಲಸ ಸ್ಫೂರ್ತಿಯದು. ಮಾತು ಅವಳಿಗೆ ಯಾವಾಗಲೂ ಕೆಲಸದ ನಂತರವೇ ಬರುತ್ತಿದ್ದದ್ದು. ಬಲಗೈ ಚಾಚಿ, ಕಲ್ಲಿನ ಮೇಲೆ ಬಿಲ್ಲೆಯಂತೆ ಕಾಣುತ್ತಿದ್ದ ಗುಂಡನೆಯ ಮುಚ್ಚಳವನ್ನು ಮೆಲ್ಲಗೆ ಒತ್ತಿದಳು.

ಟಿಕ್.

ಕಲ್ಲಿನೊಳಗಿಂದ ಬೆಳ್ಳಿ ಬಣ್ಣದ ಕಂಬವೊಂದು ಎದ್ದು ಬಂತು... ನೆಲ ಸೀಳಿ ಅಣಬೆ ಏಳುವ ಹಾಗೆ, ಸದ್ದೇ ಇಲ್ಲದೆ. ಅದರ ಮೈಯಲ್ಲಿ ಪ್ಲಗ್ಗಿನ ತೂತುಗಳು, ಮೊಬೈಲ್ ಚಾರ್ಜ್ ಮಾಡುವ ಸಣ್ಣ ಕಿಂಡಿಗಳು.

ಬಂದವರೆಲ್ಲ ಮೊದಲು ರೇಟು ಕೇಳುತ್ತಿದ್ದರು. ಇವನು ಕೇಳಲಿಲ್ಲ. ಮೊಣಕಾಲೂರಿ ಕುಳಿತು ಕಟ್ಟೆಯ ಅಡಿಗೆ ತಲೆ ಹಾಕಿ ನೋಡಿದ. ಮತ್ತೆ ಮೇಲೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ಇಷ್ಟು ಹೊತ್ತು ಇಲ್ಲೇ ಇತ್ತು... ನಂಗೆ ಕಾಣಲೇ ಇಲ್ಲ ನೋಡಿ."

ಅವನ ಕಣ್ಣಲ್ಲಿದ್ದ ಆ ಬೆರಗು! ಸ್ಫೂರ್ತಿಯ ಎದೆಯಲ್ಲೂ ಏನೋ ಟಿಕ್ ಎಂದಿತು.

ಮೇಜಿನ ಹಿಂದಿನಿಂದ ಸುಮಂತಣ್ಣ ನಕ್ಕ. "ನಮ್ಮ ಸ್ಫೂರ್ತಿನೂ ಹಂಗೇ ಮಾರಾಯ. ಒತ್ತಿದ್ರೆ ಮಾತ್ರ ಮೇಲೆ ಬರೋದು. ಇಲ್ಲದಿದ್ರೆ ಅಂಗಡಿಲಿ ಇದ್ದಾಳೆ ಅಂತಾನೇ ಗೊತ್ತಾಗ್ತಿಲ್ಲೆ."

ಅವಳ ಕಿವಿ ಕೆಂಪಾಯಿತು. ಆದರೂ ಆ ದಿನ ಅವಳು ಮಾತಾಡಿದಳು. ಅವನ ಹೆಸರು ಶಶಾಂಕ. ಯಲ್ಲಾಪುರದಿಂದಾಚೆ, ಅರಬೈಲ್ ದಾರಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ಪಿಯುಸಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಅಡುಗೆಮನೆಯೂ, ಪಾಠದ ಕೋಣೆಯೂ ವೈರು ಕಾಣದ ಹಾಗೆ ಆಗಬೇಕಿತ್ತು.

"ಪಾಯಿಂಟ್ ಎಲ್ಲಿ ಬೇಕು ಅಂತ ಹೇಗೆ ಗೊತ್ತಾಗ್ತದೆ ನಿಮಗೆ?"

"ಕೆಲಸ ಮಾಡೋರ ಕೈ ನೋಡಬೇಕು. ಯಾವ ಕೈ ಮುಂದೆ ಬರ್ತದೋ ಆ ಬದಿಗೆ ಪಾಯಿಂಟ್. ಇಲ್ಲದಿದ್ರೆ ದಿನಾ ವೈರು ಅಡ್ಡ ಬರ್ತದೆ."

ಅವನು ಪಾಠ ಕೇಳುವ ಹುಡುಗನಂತೆ ತಲೆಯಾಡಿಸಿದ.

ಅವನ ಜೊತೆ ಬಂದಿದ್ದ ಹುಡುಗಿ ಅಷ್ಟರಲ್ಲಿ ಕಪಾಟಿನ ಬಣ್ಣಗಳನ್ನೆಲ್ಲ ಹರಡಿಕೊಂಡಿದ್ದಳು. ಸಿದ್ದಾಪುರದ ಶ್ರೀವಾಣಿ ಅಂತೆ. "ಈ ಹಸಿರೇ ಇರಲಿ ಶಶೀ, ಆನು ಹೇಳಿದ್ದೇ ಆಗವು" ಎಂದು ಅವನ ತೋಳಿಗೆ ಹೊಡೆದು ನಕ್ಕಳು.

ಅವರು ಹೋದ ಮೇಲೆ ಸುಮಂತಣ್ಣ ಹೇಳಿದ, "ಬೇಗ ಮುಗಿಸವು ಕೂಸೆ. ಅವನ ಮದುವೆ ಮಾತು ಶುರುವಾಜು."

ಓ... ಹಾಗಾ!

ಸ್ಫೂರ್ತಿ ಹಸಿರು ಬಣ್ಣದ ಚೂರನ್ನು ಒಳಗಿಟ್ಟಳು. ಎದೆಯೊಳಗೆ ಎದ್ದದ್ದನ್ನೂ ಮೆಲ್ಲಗೆ ಒತ್ತಿ ಒಳಗಿಟ್ಟಳು.

* * *

ಒಂದು ಗುಟ್ಟು ಈಗ ಅವಳೊಬ್ಬಳಿಗೇ ಗೊತ್ತಿತ್ತು. ಸ್ಫೂರ್ತಿ ಎಡಚಿ.

ನಿಲ್ಕುಂದದ ಮನೆಯಲ್ಲಿ, ಚಿಕ್ಕವಳಿದ್ದಾಗ, ಊಟದ ಪಂಕ್ತಿಯಲ್ಲಿ ಎಡಗೈಯಿಂದ ಉಪ್ಪು ಬಡಿಸಿದ್ದಳು. ಎಲೆಯ ಮುಂದೆ ಕುಳಿತವರು ಕೈ ತೆಗೆದರು. ಯಾರೋ ನಕ್ಕರು. "ಆ ಕೈ ಒಳಗಿಟ್ಕಳೇ" ಎಂದಳು ಅಜ್ಜಿ. ಅಂದಿನಿಂದ ಅದು ಒಳಗೇ ಇತ್ತು. ಜನರ ಮುಂದೆ ಬಲಗೈ. ಡೈರಿ ಬರೆಯುವಾಗ, ಒಬ್ಬಳೇ ಗೆರೆ ಎಳೆಯುವಾಗ ಮಾತ್ರ ಎಡಗೈ.

ಯಲ್ಲಾಪುರದ ಆ ಮನೆಗೆ ಅಳತೆಗೆಂದು ಹೋದಾಗಲೆಲ್ಲ ಅವಳಿಗೆ ಅಚ್ಚರಿಯಾಗುತ್ತಿತ್ತು. ಗೋಡೆಯೊಳಗೆ, ಕಲ್ಲಿನಡಿಗೆ, ಯಾರಿಗೂ ಕಾಣದೆ ಕರೆಂಟು ಹರಿದು ಹೋಗುತ್ತದೆ... ಬೇಕಾದಲ್ಲಿ ಮಾತ್ರ ಬೆಳಕಾಗುತ್ತದೆ. ಎಷ್ಟು ಸಲ ನೋಡಿದರೂ ಈ ಬೆರಗು ಹಳೆಯದಾಗುತ್ತಿರಲಿಲ್ಲ.

ಪಾಠದ ಕೋಣೆಯ ಮರದ ಮೇಜಿನ ಅಡಿಗೆ ಚಾರ್ಜಿಂಗ್ ತಟ್ಟೆ ಕೂರಿಸಿದ ದಿನ, ಶಶಾಂಕನ ಅಮ್ಮ ರಾಜೀವಿ ತಮ್ಮ ಮೊಬೈಲನ್ನು ಬರೀ ಮರದ ಮೇಲಿಟ್ಟರು. ಅದು ಚಾರ್ಜ್ ಆಗತೊಡಗಿತು. ಅವರು ಬಗ್ಗಿ ನೋಡಿದರು, ಮೊಬೈಲ್ ಎತ್ತಿ ಮತ್ತೆ ಇಟ್ಟರು.

"ಎಂತ ಮಾಟ ಮಾಡಿದ್ಯೇ ಕೂಸೆ? ವೈರಿಲ್ಲೆ, ತೂತಿಲ್ಲೆ... ಮರವೇ ಕರೆಂಟು ಕೊಡ್ತಲೇ!"

ಬಾಗಿಲಲ್ಲಿ ನಿಂತಿದ್ದ ಶಶಾಂಕ ಮೇಜನ್ನು ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

ಹೀಗೆ ನೋಡಬೇಡಿ... ಎಂದು ಅವಳ ಮನಸ್ಸು ಬೇಡಿಕೊಂಡಿತು. ನಿಮ್ಮ ಶ್ರೀವಾಣಿಗಾಗಿ ಮಾಡ್ತಾ ಇದ್ದೇನೆ ನಾನು.

ಮಾರನೇ ದಿನವೇ ಸುಮಂತಣ್ಣನಿಗೆ ಹೇಳಿದಳು, "ಯಲ್ಲಾಪುರದ ಕೆಲಸ ಇನ್ನು ನೀವೇ ನೋಡ್ಕಳಿ. ಡ್ರಾಯಿಂಗ್ ಎಲ್ಲ ಕಳಿಸಾಜು."

* * *

ಕಲ್ಲು ಕೂರಿಸಿದ ದಿನ ಎಲೆಕ್ಟ್ರಿಷಿಯನ್ ಉಲ್ಲಾಸನ ಫೋನು ಬಂತು.

"ಅಕ್ಕಾ, ಒಂದು ಡೌಟು. ಕಲ್ಲಲ್ಲಿ ಪಾಯಿಂಟಿನ ತೂತೆಲ್ಲ ಎಡಗಡೆ ಬಂದಿದೆ. ಒಲೆ ಹತ್ರ, ಕಿಟಕಿ ಹತ್ರ, ಎಲ್ಲ ಕಡೆ. ಇದು ಸರಿನಾ? ನಾನು ಯಾವ ಮನೇಲೂ ಹೀಗೆ ಕಂಡಿದ್ದಿಲ್ಲ."

ಸ್ಫೂರ್ತಿ ಫೋನಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಳು.

ಎಡಗಡೆ...

ಒಬ್ಬಳೇ ಕುಳಿತು ಬರೆದ ಡ್ರಾಯಿಂಗ್ ಅದು. ಎಡಗೈಯಲ್ಲಿ ಬರೆದದ್ದು. ಕೈ ತನಗೆ ಬೇಕಾದ ಹಾಗೆ ಬರೆದುಬಿಟ್ಟಿತೇ? ಕಲ್ಲು ಕತ್ತರಿಸಿಯಾಗಿದೆ. ಕತ್ತರಿಸಿದ ಕಲ್ಲು ಮತ್ತೆ ಕೂಡುವುದಿಲ್ಲ.

ಶಿರಸಿಯಿಂದ ಯಲ್ಲಾಪುರದವರೆಗೆ ಬಸ್ಸಿನಲ್ಲಿ ಅವಳು ಎಡಗೈಯನ್ನು ಬಲಗೈಯೊಳಗೆ ಬಿಗಿಯಾಗಿ ಹಿಡಿದೇ ಕುಳಿತಿದ್ದಳು. ಡ್ರಾಯಿಂಗ್ ತೆಗೆದು ನೋಡುವ ಧೈರ್ಯವೂ ಬರಲಿಲ್ಲ. ಇನ್ನೊಬ್ಬಳ ಅಡುಗೆಮನೆ ಅದು. ಅವಳು ದಿನಾ ಅಲ್ಲಿ ನಿಲ್ಲಬೇಕು. ದಿನಾ ವೈರು ಅವಳಿಗೆ ಅಡ್ಡ ಬರಬೇಕು. ದಿನಾ ಅವನು ನೋಡಬೇಕು... ಆ ಸ್ಫೂರ್ತಿ ಮಾಡಿದ ತಪ್ಪು ಎಂದು.

ಅವನ ನೆನಪಿನಲ್ಲಿ ನಾನು ಉಳಿಯುವುದು ಹೀಗೇ ಏನು?

ಮನೆ ಮುಟ್ಟಿದಾಗ ಉಲ್ಲಾಸ ಊಟಕ್ಕೆ ಹೋಗಿದ್ದ. ಪಾಠದ ಕೋಣೆ ದಾಟುವಾಗ ಬಿಳಿ ಬೋರ್ಡು ಕಂಡಿತು. ಅದರ ತುಂಬ ಸೊಟ್ಟ ಸೊಟ್ಟ ಅಂಕೆಗಳು, ಬಾಲವಾಡಿಯ ಮಗು ಗೀಚಿದಂತೆ. ನಿಂತು ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅಡುಗೆಮನೆಯಲ್ಲಿ ಶಶಾಂಕ ಕಲ್ಲಿನ ಧೂಳು ಒರೆಸುತ್ತಿದ್ದ.

"ತಪ್ಪು ನಂದೇ" ಎಂದಳು ಬಾಗಿಲಲ್ಲೇ. "ಸುಮಂತಣ್ಣಂಗೆ ಗೊತ್ತಿಲ್ಲ. ನಂಗೆ... ನಂದು ಎಡಗೈ. ಯಾರಿಗೂ ಹೇಳಿದ್ದಿಲ್ಲ. ಡ್ರಾಯಿಂಗ್ ಉಲ್ಟಾ ಆಗೋಗಿದೆ."

ಅವನು ಬಟ್ಟೆ ಕೆಳಗಿಟ್ಟ. ಗೋಡೆಗೆ ಅಂಟಿಸಿದ್ದ ಡ್ರಾಯಿಂಗಿನತ್ತ ಕೈ ತೋರಿಸಿದ.

"ಸರಿಯಾಗಿ ನೋಡಿ."

ನೋಡಿದಳು. ಅವಳದೇ ಗೆರೆಗಳು. ಒಲೆಯ ಬಲಕ್ಕೆ ಒಂದು ಪಾಯಿಂಟು. ಕಿಟಕಿಯ ಬಲಕ್ಕೊಂದು. ಎಲ್ಲವೂ ಬಲಕ್ಕೇ. ಅವಳ ಕೈ ತಪ್ಪಿರಲಿಲ್ಲ.

"ಹಾಗಾದ್ರೆ..."

"ಕಲ್ಲು ಕತ್ತರಿಸೋರಿಗೆ ಎಡಕ್ಕೆ ಮಾಡಿ ಅಂದಿದ್ದು ನಾನು. ನಿಮಗೆ ಮೊದಲೇ ಹೇಳಬೇಕಿತ್ತು. ನೀವು ಬರೋದೇ ನಿಲ್ಲಿಸಿದ್ರಿ."

"ಎಂತಕ್ಕೆ?"

"ನೀವೇ ಹೇಳಿದ್ದಲ್ದಾ? ಯಾವ ಕೈ ಮುಂದೆ ಬರ್ತದೋ ಆ ಬದಿಗೆ ಪಾಯಿಂಟ್ ಅಂತ."

ಅವಳಿಗೆ ಏನೂ ಹೊಳೆಯಲಿಲ್ಲ. "ಶ್ರೀವಾಣಿಯವರೂ ಎಡಚರಾ?"

"ಶ್ರೀವಾಣಿನಾ?" ಅವನು ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಸ್ಫೂರ್ತಿ ಬರುವುದು ನಿಂತದ್ದು ಯಾಕೆಂದು ಅವನಿಗೂ ಅರ್ಥವಾಯಿತು. "ಅವಳು ದೊಡ್ಡಪ್ಪನ ಮಗಳು ಮಾರಾಯ್ತಿ. ತಂಗಿ! ಬಣ್ಣ ಆರಿಸೋಕೆ ನಂಗೆ ಬರೋದಿಲ್ಲ ಅಂತ ಕರ್ಕೊಂಡು ಬಂದಿದ್ದೆ."

ಹೊರಗೆ ಘಟ್ಟ ಇಳಿಯುವ ಲಾರಿಯೊಂದರ ಹಾರ್ನು ಕೇಳಿತು. ಸ್ಫೂರ್ತಿ ಬಲಗೈಯಲ್ಲಿ ಕಟ್ಟೆಯ ಅಂಚು ಹಿಡಿದುಕೊಂಡಳು.

"ಮೊದಲನೇ ಸಲ ಅಳತೆಗೆ ಬಂದಾಗ" ಎಂದ ಶಶಾಂಕ, ಸಣ್ಣ ದನಿಯಲ್ಲಿ, "ನೀವೊಬ್ಬರೇ ಇಲ್ಲಿ ಕುಂತು ಗೆರೆ ಎಳೀತಿದ್ರಿ. ಎಡಗೈಲಿ. ಎಷ್ಟು ಚಂದ ಬರ್ತಿತ್ತು ಅಂದ್ರೆ... ಕಿಟಕಿ ಹೊರಗೆ ಉಸಿರು ಹಿಡಿದು ನಿಂತಿದ್ದೆ. ನನ್ನ ಹೆಜ್ಜೆ ಸದ್ದು ಕೇಳಿದ್ದೇ, ಪೆನ್ಸಿಲ್ ಬಲಗೈಗೆ ಹೋಯ್ತು. ಇಷ್ಟು ಒಳ್ಳೇದನ್ನ ಯಾಕೆ ಅಡಗಿಸಿಡ್ತಾರೆ ಅಂತ ಆವತ್ತಿಂದ ಯೋಚನೆ ಮಾಡ್ತಿದ್ದೆ."

ಇಷ್ಟು ವರ್ಷ ಯಾರೂ ಕಾಣದ್ದು... ಅಪ್ಪ ಕಾಣದ್ದು, ಗೆಳತಿಯರು ಕಾಣದ್ದು. ಇವನು ಕಂಡಿದ್ದ. ಕಂಡು ನಕ್ಕಿರಲಿಲ್ಲ, ಕರಿಕಲ್ಲನ್ನೇ ಕತ್ತರಿಸಿದ್ದ!

"ಕೇಳದೇ ಮಾಡಿದ್ದು ತಪ್ಪು" ಎಂದ ಅವನು. ಅಲ್ಲಿಯವರೆಗಿನ ಅಂಗಡಿಯ ಮಾತು ಬಿಟ್ಟು ಮನೆಯ ಮಾತಿಗೆ ಇಳಿದಿದ್ದ. "ಈಗ ಆನು ಕೇಳ್ತಾ ಇದ್ದಿ. ಈ ಮನೆಗೆ ಬತ್ಯಾ ಸ್ಫೂರ್ತಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ರಾಜೀವಿ ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿಯ ಲೋಟ ಹಿಡಿದು ಒಳಬಂದರು. ರೂಢಿಯಂತೆ ಸ್ಫೂರ್ತಿಯ ಎಡಗೈ ಹಿಂದೆ ಸರಿದು ಬಲಗೈ ಮುಂದೆ ಬಂತು. ಬಲಗೈಯಲ್ಲಿ ಕಲ್ಲಿನ ಧೂಳು ಮೆತ್ತಿತ್ತು.

"ಯಾವ ಕೈ ಚೊಕ್ಕ ಇದ್ದೋ ಆ ಕೈಲಿ ತಗಳೇ" ಎಂದರು ರಾಜೀವಿ, ಅದೇನು ದೊಡ್ಡ ಸಂಗತಿ ಎಂಬಂತೆ. "ಆರಿಹೋಗ್ತು."

ಸ್ಫೂರ್ತಿ ಎಡಗೈ ಚಾಚಿದಳು.

ಲೋಟ ಬಿಸಿಯಾಗಿತ್ತು. ರಾಜೀವಿ ಮಗನ ಮುಖವನ್ನೂ, ಅವಳ ಒದ್ದೆ ಕಣ್ಣನ್ನೂ ಒಮ್ಮೆ ನೋಡಿ, "ಹಾಲು ಉಕ್ಕಿದ್ರೆ ಕಷ್ಟ" ಎಂದುಕೊಳ್ಳುತ್ತ ಹೊರಗೆ ಹೋದರು. ಆ ಅಡುಗೆಮನೆಯಲ್ಲಿ ಇನ್ನೂ ಒಲೆಯೇ ಬಂದಿರಲಿಲ್ಲ.

"ಕಲ್ಲು ಮೊದಲೇ ಕತ್ತರಿಸಿಬಿಟ್ಯಲಾ" ಎಂದಳು ಸ್ಫೂರ್ತಿ. "ಆನು ಇಲ್ಲೆ ಅಂದಿದ್ರೆ ಎಂತ ಮಾಡ್ತಿದ್ದೆ?"

ಶಶಾಂಕ ತಲೆ ಕೆರೆದುಕೊಂಡ. "ಆ ಬೋರ್ಡಲ್ಲಿ ಬರೆದದ್ದು ಕಂಡಿದ್ಯಾ?"

"ಆ ಸೊಟ್ಟ ಅಂಕೆಗಳಾ? ಯಾವ ಮಗು ಬರೆದದ್ದು ಅದು?"

"ಆನೇ" ಎಂದ ಅವನು. "ನೀನು ಇಲ್ಲೆ ಅಂದ್ರೆ ಈ ಅಡುಗೆಮನೇಲಿ ಒಬ್ಬನೇ ನಿಂತ್ಕಳವು ಹೇಳಿ... ಎಡಗೈ ರೂಢಿ ಮಾಡ್ಕತ್ತಾ ಇದ್ದಿದ್ದೆ."

ಅವಳು ನಕ್ಕಳು. ಅಂಗಡಿಯಲ್ಲಿ ಯಾರೂ ಕೇಳಿರದಷ್ಟು ದೊಡ್ಡದಾಗಿ.

"ಇನ್ನು ರೂಢಿ ಮಾಡ್ಕಳದು ಬ್ಯಾಡ" ಎಂದು, ಕಾಫಿಯ ಬಿಸಿ ಇನ್ನೂ ಆರದ ಎಡಗೈಯನ್ನು ಅವನ ಕೈಯಲ್ಲಿಟ್ಟಳು. "ಈ ಮನೆಗೆ ಬತ್ತಿ."